ಒಂದೇ ಸುತ್ತಿನಿಂದ ವಾದ್ಯದ ದನಿ

ಮಕ್ಕಳೇ, ಹಾರ್ಮೋನಿಯಂ ಮತ್ತು ಕೊಳಲು ಒಂದೇ ಶ್ರುತಿಯಲ್ಲಿ ‘ಸ’ ನುಡಿಸಿದರೂ ಯಾವುದು ಯಾವುದೆಂದು ನೀವು ಕಣ್ಣು ಮುಚ್ಚಿಕೊಂಡೇ ಹೇಳ್ತೀರಿ. ಹೇಗೆ? ಎರಡರಲ್ಲೂ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ ಒಂದೇ. ಆದರೆ ಒಂದೊಂದು ಕಂಪನದ ಅಲೆಯ ಆಕಾರ ಬೇರೆ. ಸಂಖ್ಯೆಯಿಂದ ಶ್ರುತಿ, ಬಹುಮಟ್ಟಿಗೆ ಆಕಾರದಿಂದ ನಾದಗುಣ.

ಇದನ್ನೇ ಬಳಸಿ ಕಂಪ್ಯೂಟರಿನಲ್ಲಿ ಸ್ವರ ಹುಟ್ಟಿಸುವ ತಂತ್ರಾಂಶಗಳಿವೆ. ಇವಕ್ಕೆ ಸಿಂಥಸೈಜರ್ ಎನ್ನುತ್ತಾರೆ. ‘ವೈಟಲ್’ ಅಂಥದ್ದೊಂದು, ಅದರ ಮೂಲ ಆವೃತ್ತಿ ಉಚಿತ. ಅಲೆಯ ಒಂದೇ ಒಂದು ಸುತ್ತನ್ನು ಅದಕ್ಕೆ ಕೊಟ್ಟರೆ ಸಾಕು. ಅದನ್ನು ಸೆಕೆಂಡಿಗೆ 220 ಸಲ ತಿರುಗಿಸಿದರೆ ಒಂದು ಸ್ವರ, 440 ಸಲ ತಿರುಗಿಸಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ.

ಆ ಸುತ್ತನ್ನು ಪಡೆಯೋದು ಹೇಗೆ? ಹಾರ್ಮೋನಿಯಂನ 220 ಹರ್ಟ್ಜ್ ಮನೆಯನ್ನು ಒತ್ತಿ, ದನಿಯನ್ನು ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. ಕಂಪ್ಯೂಟರ್ ಸಾಮಾನ್ಯವಾಗಿ ಸೆಕೆಂಡಿಗೆ 44100 ಬಿಂದುಗಳಲ್ಲಿ ದನಿಯನ್ನು ಅಳೆದಿಡುತ್ತದೆ. ಈ ಬಿಂದುಗಳೇ ಸ್ಯಾಂಪಲ್‌ಗಳು. 44100 ÷ 220 ಅಂದರೆ ಸುಮಾರು 200. ಚಿತ್ರವನ್ನು ಹಿಗ್ಗಿಸಿ ನೋಡಿದರೆ 200 ಬಿಂದುಗಳಿಗೊಮ್ಮೆ ಅದೇ ಆಕಾರ ಮತ್ತೆ ಬರುವುದು ಕಾಣುತ್ತದೆ. ಅಂಥ ಒಂದು ಸುತ್ತನ್ನು ಕತ್ತರಿಸಿಕೊಳ್ಳಿ.

ಇಲ್ಲಿ ಎರಡು ಎಚ್ಚರಿಕೆ ಬೇಕು.

ಮೊದಲನೆಯದು, ಬೆಸುಗೆ. ಸುತ್ತು ಸೊನ್ನೆ ಗೆರೆಯಲ್ಲಿ ಶುರುವಾಗಿ ಸೊನ್ನೆ ಗೆರೆಯಲ್ಲೇ ಮುಗಿಯಬೇಕು. ತುದಿಗಳು ಕೂಡದಿದ್ದರೆ ಪ್ರತಿ ಸುತ್ತಿಗೂ ಒಂದು ‘ಟಕ್’. ಸೆಕೆಂಡಿಗೆ 220 ‘ಟಕ್’ ಸೇರಿದರೆ ಗೊರಗೊರ ದನಿಯೇ ಆಗಿಬಿಡುತ್ತದೆ! ಆಡಾಸಿಟಿಯಲ್ಲಿ ‘ಝೆಡ್’ ಕೀಲಿ ಒತ್ತಿದರೆ ಆಯ್ದ ತುಂಡಿನ ತುದಿಗಳು ಹತ್ತಿರದ ಸೊನ್ನೆ ಗೆರೆಗೆ ಸರಿಯುತ್ತವೆ.

ಎರಡನೆಯದು, ಎಣಿಕೆ. ವೈಟಲ್‌ನಲ್ಲಿ ಒಂದು ಸುತ್ತಿಗೆ 2048 ಬಿಂದುಗಳು. ಕತ್ತರಿಸದ ಉದ್ದನೆಯ ದನಿಯಿಂದ 2048 ಬಿಂದುಗಳನ್ನು ತೆಗೆದು ಒಂದು ಸುತ್ತೆಂದು ಕೊಟ್ಟರೆ, ಅದರಲ್ಲಿ ಹತ್ತು ಚಿಲ್ಲರೆ ಸುತ್ತುಗಳು ಕೂತಿರುತ್ತವೆ. ಆಗ ಆವೃತ್ತಿ ಸುಮಾರು ಹತ್ತು ಪಟ್ಟಾಗಿ ಸ್ವರ ಕೀರಲಾಗುತ್ತದೆ. ಆದ್ದರಿಂದ ನಮ್ಮ 200 ಬಿಂದುಗಳ ಸುತ್ತನ್ನು 2048ಕ್ಕೆ ಹಿಗ್ಗಿಸಬೇಕು. ಆಡಾಸಿಟಿಯಲ್ಲಿ ವೇಗವನ್ನು 200 ÷ 2048, ಅಂದರೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಕೆಲಸ ಆಯ್ತು. ಬಿಂದುಗಳು ಹೆಚ್ಚುತ್ತವೆ, ಆಕಾರ ಬದಲಾಗುವುದಿಲ್ಲ. ಅದನ್ನು ‘ವೇವ್’ ಫೈಲಾಗಿ ಉಳಿಸಿ, ವೈಟಲ್‌ನ ಆಸಿಲೇಟರ್ ಮೇಲೆ ಎಳೆದು ಬಿಡಿ.

ಚೆಂಡೆಯ ಪೆಟ್ಟಿಗೆ ಹೀಗೆ ಮಾಡಲು ಬರುತ್ತದೆಯೇ? ಬರುವುದಿಲ್ಲ. ಆ ದನಿ ಹುಟ್ಟಿದ ಕ್ಷಣದಿಂದಲೇ ಬದಲಾಗುತ್ತಾ ಅಡಗುತ್ತದೆ. ಒಂದೇ ಆಕಾರ ಮತ್ತೆ ಮತ್ತೆ ಬರುವುದಿಲ್ಲ. ಹಾರ್ಮೋನಿಯಂನಲ್ಲೂ ತಿದಿ ಒತ್ತುವ ಕೈಯ ಏರಿಳಿತ ಒಂದು ಸುತ್ತಿನಲ್ಲಿ ಸಿಗದು. ನಮಗೆ ಸಿಗುವುದು ಒಂದು ಕ್ಷಣದ ನಾದಗುಣ ಮಾತ್ರ. ಏರಿಳಿತವನ್ನು ಸಿಂಥಸೈಜರಿನಲ್ಲಿ ನಾವೇ ಸೇರಿಸಬೇಕು.

ನೀವೇ ಲೆಕ್ಕ ಹಾಕಿ: ಸೆಕೆಂಡಿಗೆ 48000 ಬಿಂದುಗಳಲ್ಲಿ ರೆಕಾರ್ಡ್ ಮಾಡಿದ 320 ಹರ್ಟ್ಜ್ ಸ್ವರದ ಒಂದು ಸುತ್ತಿನಲ್ಲಿ ಎಷ್ಟು ಬಿಂದುಗಳಿರುತ್ತವೆ?