ಬಚ್ಚಲಮನೆಯ ಗೀಸರು ಎಷ್ಟು ಗಾಳಿ ಕುಡಿಯುತ್ತದೆ?

ಡಿಸೆಂಬರ್ ತಿಂಗಳು ಬಂತೆಂದರೆ ಪಟ್ಟಣದ ಮನೆಗಳಲ್ಲಿ ಬೆಳಗಿನ ಐದೂವರೆಗೇ ಗ್ಯಾಸ್ ಗೀಸರುಗಳು ಹೊತ್ತಿಕೊಳ್ಳುತ್ತವೆ. ಒಬ್ಬರ ನಂತರ ಒಬ್ಬರಂತೆ ಮನೆಮಂದಿಯೆಲ್ಲ ಸ್ನಾನ ಮುಗಿಸಬೇಕು. ಶಾಲೆಯ ಬಸ್ಸು ಕಾಯುವುದಿಲ್ಲ. ಚಳಿ ಒಳಗೆ ಬಾರದಿರಲೆಂದು ಕಿಟಕಿ ಮುಚ್ಚಿರುತ್ತದೆ. ಹೀಗೆ ಸ್ನಾನಕ್ಕೆ ಹೋದವರು ಬಚ್ಚಲಿನಲ್ಲೇ ಪ್ರಜ್ಞೆ ತಪ್ಪಿ ಪ್ರಾಣ ಬಿಟ್ಟ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. ಓದಿದವರು ‘ಪಾಪ, ಗ್ಯಾಸ್ ಸೋರಿರಬೇಕು’ ಎನ್ನುತ್ತಾರೆ. ಆದರೆ ಸಿಲಿಂಡರು, ವಾಲ್ವು, ಕೊಳವೆ ಎಲ್ಲವೂ ಸರಿಯಾಗಿದ್ದು, ಒಂದು ಗುಳ್ಳೆಯಷ್ಟೂ ಅನಿಲ ಸೋರದೆ ಇದ್ದರೂ ಇಂಥ ಸಾವು ಸಂಭವಿಸಬಹುದು.

ಸೋರಿಕೆಯನ್ನು ಕಂಡುಹಿಡಿಯುವುದು ಸುಲಭ. ಅಡುಗೆ ಅನಿಲವೆಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ನಮ್ಮ ಮೂಗಿಗೆ ಬಡಿಯುವ ದುರ್ವಾಸನೆ ಸೋರಿಕೆ ತಿಳಿಯಲೆಂದೇ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ವಸ್ತುವಿನದು. ವಾಸನೆ ಬಂದೊಡನೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಎರಡರಲ್ಲೂ ಕಿಡಿ ಹಾರುತ್ತದೆ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಸೋರಿಕೆಯ ದೂರಿಗೆ ದೇಶದಾದ್ಯಂತ ಇರುವ ದೂರವಾಣಿ ಸಂಖ್ಯೆ 1906.

ಕೀಲುಗಳ ಪರೀಕ್ಷೆಗೆ ಸೋಪಿನ ನೀರು ಸಾಕು. ಸಿಲಿಂಡರಿನ ವಾಲ್ವು ಮತ್ತು ರೆಗ್ಯುಲೇಟರ್ ಕೂಡುವ ಜಾಗ, ರಬ್ಬರ್ ಕೊಳವೆಯ ಎರಡು ತುದಿಗಳು, ಗೀಸರಿಗೆ ಅನಿಲ ಸೇರುವ ತಿರುಪು, ಈ ನಾಲ್ಕೂ ಕಡೆ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಊದಿಕೊಳ್ಳುತ್ತ ಹೋದರೆ ಸೋರಿಕೆ ಇದೆ ಎಂದರ್ಥ. ಬೆಂಕಿಕಡ್ಡಿ ಗೀರಿ ನೋಡುವ ‘ಧೈರ್ಯವಂತರು’ ಇನ್ನೂ ಇದ್ದಾರೆ. ಅವರ ಧೈರ್ಯವನ್ನು ಯಾರೂ ಅನುಕರಿಸಬೇಕಾಗಿಲ್ಲ. ಹೊಸ ಸಿಲಿಂಡರು ಬಂದಾಗ ವಾಲ್ವಿನೊಳಗಿನ ಪುಟ್ಟ ಕಪ್ಪು ರಬ್ಬರ್ ಉಂಗುರ ಇದೆಯೇ, ಹರಿದಿದೆಯೇ ಎಂದು ನೋಡಿಯೇ ಪಡೆಯಬೇಕು. ಕೊಳವೆ ಐ.ಎಸ್.ಐ. ಗುರುತಿನದಾಗಿರಬೇಕು, ಐದು ವರ್ಷಕ್ಕೊಮ್ಮೆ ಬದಲಾಗಬೇಕು.

ಗೀಸರಿನೊಳಗೂ ಒಂದು ವಾಲ್ವಿದೆ. ನಲ್ಲಿ ತಿರುಗಿಸಿದಾಗ ಹರಿಯುವ ನೀರು ಒಂದು ರಬ್ಬರ್ ಪೊರೆಯ ಎರಡು ಬದಿಗಳ ನಡುವೆ ಒತ್ತಡದ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಪೊರೆ ಒಂದು ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಅನಿಲದ ದ್ವಾರ ತೆರೆಯುತ್ತದೆ, ಬ್ಯಾಟರಿಯ ಕಿಡಿ ಹಾರಿ ಜ್ವಾಲೆ ಹೊತ್ತುತ್ತದೆ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಸುಣ್ಣದ ಪದರ ಕಟ್ಟಿ, ಪೊರೆ ಪೆಡಸಾಗಿ, ಕಡ್ಡಿ ಸಿಕ್ಕಿಕೊಳ್ಳುವುದುಂಟು. ಪರೀಕ್ಷೆ ಬಹಳ ಸರಳ: ನಲ್ಲಿ ಮುಚ್ಚಿದ ತಕ್ಷಣ ಜ್ವಾಲೆ ಆರಬೇಕು. ಆರದಿದ್ದರೆ ಆ ದಿನವೇ ಅನಿಲ ನಿಲ್ಲಿಸಿ ತಜ್ಞರನ್ನು ಕರೆಸಬೇಕು.

ಇಷ್ಟನ್ನು ಅನೇಕರು ಮಾಡುತ್ತಾರೆ. ಗೀಸರಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇದನ್ನು ಹೈಸ್ಕೂಲ್ ವಿದ್ಯಾರ್ಥಿ ಲೆಕ್ಕ ಹಾಕಿ ತಿಳಿಯಬಹುದು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು 150 ಕಿಲೋಕ್ಯಾಲರಿ ಶಾಖ ಬೇಕು. ಒಂದು ಕಿಲೋ ಅನಿಲ ಉರಿದರೆ ಸುಮಾರು 11,000 ಕಿಲೋಕ್ಯಾಲರಿ ಸಿಗುತ್ತದೆ. ಒಂದಿಷ್ಟು ಶಾಖ ವ್ಯರ್ಥವಾಗುವುದನ್ನೂ ಸೇರಿಸಿದರೆ ನಿಮಿಷಕ್ಕೆ ಸುಮಾರು 16 ಗ್ರಾಂ, ಎಂದರೆ 7 ಲೀಟರಿನಷ್ಟು ಅನಿಲ ಉರಿಯಬೇಕು. ಒಂದು ಲೀಟರ್ ಪ್ರೊಪೇನ್ ಪೂರ್ಣವಾಗಿ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು, ಬ್ಯೂಟೇನಿಗೆ 31 ಲೀಟರ್. ಒಟ್ಟಿನಲ್ಲಿ ನಿಮಿಷಕ್ಕೆ ಸುಮಾರು 190 ಲೀಟರ್ ಗಾಳಿ! ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿಯನ್ನಷ್ಟೇ ಉಸಿರಾಡುತ್ತಾನೆ. ಗೋಡೆಯ ಮೇಲಿನ ಆ ಪುಟ್ಟ ಪೆಟ್ಟಿಗೆ ಇಪ್ಪತ್ತೈದು ಜನರಷ್ಟು ಗಾಳಿ ಕುಡಿಯುತ್ತದೆ.

ಬಚ್ಚಲು 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ ಇದೆಯೆನ್ನೋಣ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 6,800 ಲೀಟರ್. ಹತ್ತು ನಿಮಿಷದ ಸ್ನಾನಕ್ಕೆ ಗೀಸರು ಕೇಳುವುದು 1,900 ಲೀಟರ್. ಎಂದರೆ ಕಾಲು ಭಾಗಕ್ಕಿಂತ ಹೆಚ್ಚು. ಬಾಗಿಲ ಸಂದಿಯಿಂದ ಒಂದಿಷ್ಟು ಹೊಸ ಗಾಳಿ ಬರುತ್ತದೆ, ನಿಜ; ಆದರೆ ಅಣ್ಣನ ಹಿಂದೆಯೇ ತಂಗಿ ಸ್ನಾನಕ್ಕೆ ಹೋದರೆ ಅವಳ ಪಾಲಿಗೆ ಉಳಿಯುವುದು ಆಗಲೇ ಬಳಸಿದ ಗಾಳಿ.

ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿಯುತ್ತದೆ. ಇಂಗಾಲದ ಡೈಆಕ್ಸೈಡ್ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಎಚ್ಚರಿಸಬೇಕಾಗಿದ್ದ ಮರ್ಕ್ಯಾಪ್ಟನ್ ಜ್ವಾಲೆಯಲ್ಲೇ ಸುಟ್ಟುಹೋಗಿರುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಈ ವಿಷವನ್ನು ಅರಿಯಲು 1986ರವರೆಗೂ ಪಂಜರದ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವು. ಅದು ಒಮ್ಮೆ ಅಂಟಿಕೊಂಡರೆ ಆಮ್ಲಜನಕಕ್ಕೆ ಜಾಗವಿಲ್ಲ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ. ಆಮೇಲೆ ಕಾಲಿನ ಶಕ್ತಿ ಕುಸಿಯುತ್ತದೆ. ಅಪಾಯ ತಿಳಿಯುವ ಹೊತ್ತಿಗೆ ಎದ್ದು ಅಗಳಿ ತೆಗೆಯಲಾಗದ ಸ್ಥಿತಿ.

ಇತಿಹಾಸದ ಒಂದು ಮಾತು. ಗೀಸರೆಂಬ ಹೆಸರು ಐಸ್‌ಲೆಂಡಿನ ಬಿಸಿನೀರಿನ ಬುಗ್ಗೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ತಯಾರಿಸಿದ ಅನಿಲದ ನೀರು ಕಾಯಿಸುವ ಯಂತ್ರಕ್ಕೆ ಆ ಹೆಸರು ಬಂತು. ಅದಕ್ಕೆ ಹೊಗೆ ಹೊರಹೋಗುವ ಕೊಳವೆಯೇ ಇರಲಿಲ್ಲ. ಇಂದೂ ಹೊಗೆಕೊಳವೆಯಿಲ್ಲದ ಗೀಸರನ್ನು ಬಚ್ಚಲೊಳಗೇ ತೂಗುಹಾಕುವವರಿದ್ದಾರಲ್ಲ, ಅವರು ಇನ್ನೂ ಆ ಕಾಲದಲ್ಲೇ ಇದ್ದಾರೆ.

ಜ್ವಾಲೆಯನ್ನು ನೋಡಲು ಮಕ್ಕಳಿಗೂ ಕಲಿಸಬೇಕು. ನೀಲಿಯಾಗಿ ಉರಿದರೆ ಒಳ್ಳೆಯದು. ಹಳದಿಯಾಗಿ ಅಲ್ಲಾಡುತ್ತಿದ್ದರೆ, ಪೆಟ್ಟಿಗೆಯ ಮೇಲೆ ಮಸಿ ಕಟ್ಟಿದ್ದರೆ, ಗಾಳಿ ಸಾಲದು ಅಥವಾ ಒಳಗೆ ಮಸಿ ತುಂಬಿದೆ. ಆದರೆ ನೀಲಿ ಜ್ವಾಲೆಯನ್ನೇ ನಂಬಿ ಕಿಟಕಿ ಮುಚ್ಚುವಂತಿಲ್ಲ.

ಸ್ನಾನಕ್ಕೆ ಹೋದವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆಯಲು ಹಿಂಜರಿಯಬಾರದು. ಅನಿಲ ನಿಲ್ಲಿಸಿ, ಅವರನ್ನು ಬಯಲಿನ ಗಾಳಿಗೆ ತಂದು, 108ಕ್ಕೆ ಕರೆ ಮಾಡಿ, ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 98, 99 ತೋರಿಸಬಹುದು. ಶುದ್ಧ ಆಮ್ಲಜನಕ ಕೊಟ್ಟರೆ ವಿಷ ಬೇಗ ಇಳಿಯುತ್ತದೆ. ಅದಕ್ಕೆ ಆಸ್ಪತ್ರೆಯೇ ಆಗಬೇಕು.

ಗೀಸರು ಮತ್ತು ಸಿಲಿಂಡರುಗಳನ್ನು ಗಾಳಿಯಾಡುವ ಬಾಲ್ಕನಿಯಲ್ಲೋ ಹಿತ್ತಲ ಗೋಡೆಗೋ ಅಳವಡಿಸಿ, ಬಿಸಿನೀರನ್ನಷ್ಟೇ ಕೊಳವೆಯಲ್ಲಿ ಒಳಗೆ ತರುವುದು ಸರಿಯಾದ ದಾರಿ. ಕೊಳವೆ ಉದ್ದವಾದರೆ ನೀರು ಆರಿಹೋಗುತ್ತದೆ ಎಂಬುದು ಅಳವಡಿಸಲು ಬಂದವರು ಹೇಳುವ ಆಕ್ಷೇಪ. ಅರ್ಧ ಇಂಚಿನ ಕೊಳವೆಯಲ್ಲಿ ನಾಲ್ಕು ಮೀಟರ್ ಉದ್ದಕ್ಕೆ ನಿಲ್ಲುವ ನೀರು ಅರ್ಧ ಲೀಟರ್. ಅಷ್ಟು ತಣ್ಣೀರು ಬಕೆಟ್ಟಿಗೆ ಬಿದ್ದ ಮೇಲೆ ಬಿಸಿನೀರು ಬರುತ್ತದೆ.