ಮನೆಯೊಳಗಿನ ವಿಕಿರಣ

“ಅಷ್ಟು ಹತ್ತಿರ ಕುಳಿತು ಟಿ.ವಿ. ನೋಡಬೇಡ, ಕಣ್ಣು ಹೋದಾವು” ಎಂದು ತಾಯಿ ಗದರಿಸುವುದನ್ನು ಕೇಳದ ಮಕ್ಕಳು ನಮ್ಮಲ್ಲಿ ವಿರಳ. ಈಗ ಆ ಎಚ್ಚರಿಕೆಯ ಜೊತೆಗೆ ಇನ್ನೂ ಕೆಲವು ಸೇರಿಕೊಂಡಿವೆ. ಮೊಬೈಲನ್ನು ತಲೆದಿಂಬಿನ ಕೆಳಗೆ ಇಡಬೇಡ. ಮೈಕ್ರೋವೇವ್ ಒಲೆಯ ಮುಂದೆ ನಿಲ್ಲಬೇಡ. ರಾತ್ರಿ ವೈ-ಫೈ ಪೆಟ್ಟಿಗೆಯನ್ನು ಆರಿಸಿಬಿಡು. ಇವೆಲ್ಲಕ್ಕೂ ಕೊಡುವ ಕಾರಣ ಒಂದೇ: ವಿಕಿರಣ. ಆದರೆ ಈ ಒಂದು ಮಾತಿನೊಳಗೆ ಆಸ್ಪತ್ರೆಯ ಕ್ಷ-ಕಿರಣವೂ ಸೇರುತ್ತದೆ, ಹಣತೆಯ ಬೆಳಕೂ ಸೇರುತ್ತದೆ. ಹೀಗಿರುವಲ್ಲಿ ಯಾವುದಕ್ಕೆ ಅಂಜಬೇಕು, ಯಾವುದಕ್ಕೆ ಅಂಜಬೇಕಾಗಿಲ್ಲ ಎಂದು ತಿಳಿಯುವ ಬಗೆ ಹೇಗೆ? ಮೊದಲು ದೂರದರ್ಶನ ಯಂತ್ರದ ಕಥೆಯನ್ನೇ ನೋಡೋಣ. ಏಕೆಂದರೆ ಅಲ್ಲಿ ಒಮ್ಮೆ ಈ ಭಯಕ್ಕೆ ನಿಜವಾದ ಆಧಾರವಿದ್ದಿತು.

1895ನೆಯ ಇಸವಿಯ ನವೆಂಬರ್ ತಿಂಗಳಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ರಾಂಟ್ಜೆನ್ ಎಂಬ ಭೌತವಿಜ್ಞಾನಿ, ಗಾಳಿಯನ್ನು ಹೊರದೆಗೆದ ಗಾಜಿನ ನಳಿಗೆಯೊಂದರಲ್ಲಿ ವಿದ್ಯುತ್ತನ್ನು ಹರಿಸುತ್ತಿದ್ದನು. ನಳಿಗೆಗೆ ಕಪ್ಪು ರಟ್ಟಿನ ಹೊದಿಕೆಯಿದ್ದರೂ, ದೂರದಲ್ಲಿದ್ದ ರಾಸಾಯನಿಕ ಲೇಪದ ತೆರೆಯೊಂದು ಮಿನುಗತೊಡಗಿತು. ಕಣ್ಣಿಗೆ ಕಾಣದ ಯಾವುದೋ ಕಿರಣ ರಟ್ಟನ್ನು ದಾಟಿ ಬರುತ್ತಿದ್ದಿತು. ಅದೇ ಕ್ಷ-ಕಿರಣ. ವೇಗವಾಗಿ ಧಾವಿಸುವ ಎಲೆಕ್ಟ್ರಾನುಗಳು ಯಾವುದಾದರೂ ಘನವಸ್ತುವಿಗೆ ಬಡಿದು ಥಟ್ಟನೆ ನಿಂತಾಗ ಅವುಗಳ ಶಕ್ತಿಯ ಬಹುಭಾಗ ಶಾಖವಾಗುತ್ತದೆ. ಅತ್ಯಲ್ಪ ಭಾಗ ಮಾತ್ರ ಕ್ಷ-ಕಿರಣವಾಗಿ ಹೊಮ್ಮುತ್ತದೆ. ಎಲೆಕ್ಟ್ರಾನುಗಳನ್ನು ದೂಡುವ ವೋಲ್ಟೇಜು ಹೆಚ್ಚಿದಷ್ಟೂ ಕಿರಣದ ಭೇದನಶಕ್ತಿಯೂ ಹೆಚ್ಚುತ್ತದೆ.

ಹಳೆಯ ದೂರದರ್ಶನ ಯಂತ್ರದ ದಪ್ಪ ಚಿತ್ರನಳಿಗೆ ರಾಂಟ್ಜೆನ್ನನ ನಳಿಗೆಯ ವಂಶಕ್ಕೇ ಸೇರಿದ್ದು. ಅದರಲ್ಲಿಯೂ ಎಲೆಕ್ಟ್ರಾನುಗಳು ಧಾವಿಸಿ ಬಂದು ತೆರೆಗೆ ಬಡಿಯುತ್ತಿದ್ದವು. ಕಪ್ಪುಬಿಳುಪಿನ ಯಂತ್ರದಲ್ಲಿ ವೋಲ್ಟೇಜು ಕಡಿಮೆಯಾದುದರಿಂದ, ಹುಟ್ಟಿದ ದುರ್ಬಲ ಕಿರಣಗಳನ್ನು ದಪ್ಪ ಗಾಜೇ ಹೀರಿಕೊಳ್ಳುತ್ತಿದ್ದಿತು. ಬಣ್ಣದ ಯಂತ್ರಕ್ಕಾದರೋ ಸುಮಾರು 25,000 ವೋಲ್ಟು ಬೇಕಾಯಿತು. ಅದು ಏರಿಳಿಯುತ್ತಿದ್ದರೆ ಚಿತ್ರ ಕೆಡುತ್ತದೆ. ಆದುದರಿಂದ ಅದನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲು ಯಂತ್ರದೊಳಗೆ ಬೇರೊಂದು ಸಣ್ಣ ನಿಯಂತ್ರಕ ನಳಿಗೆಯನ್ನು ಇಡುತ್ತಿದ್ದರು. ಆ ನಳಿಗೆಯೊಳಗೂ ಎಲೆಕ್ಟ್ರಾನುಗಳು ಅಷ್ಟೇ ವೇಗದಿಂದ ಲೋಹದ ತಗಡಿಗೆ ಅಪ್ಪಳಿಸುತ್ತಿದ್ದವು.

1967ನೆಯ ಮೇ ತಿಂಗಳಲ್ಲಿ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ತನ್ನ ದೊಡ್ಡ ತೆರೆಯ ಬಣ್ಣದ ಯಂತ್ರಗಳಲ್ಲಿ ದೋಷವಿದೆಯೆಂದು ಪ್ರಕಟಿಸಿತು. ನಿಯಂತ್ರಕ ನಳಿಗೆಯ ಮರೆ ಸರಿಯಿಲ್ಲದೆ ಕ್ಷ-ಕಿರಣಗಳು ಯಂತ್ರದ ತಳದಿಂದ ಕೆಳಮುಖವಾಗಿ ಸೋರುತ್ತಿದ್ದವು. ಅಂತಹ ಯಂತ್ರಗಳು ಸುಮಾರು ಒಂದು ಲಕ್ಷ! ಎದುರಿಗೆ ದೂರದಲ್ಲಿ ಕುಳಿತವರಿಗಿಂತ, ಎತ್ತರದಲ್ಲಿಟ್ಟ ಯಂತ್ರದ ಬಳಿ ನೆಲದ ಮೇಲೆ ಆಡುವ ಮಗುವಿಗೇ ಅಪಾಯ ಹೆಚ್ಚು. ಆರು ಅಡಿಯಾದರೂ ದೂರ ಕುಳಿತು ನೋಡಿರೆಂದು ಅಲ್ಲಿನ ಆರೋಗ್ಯಾಧಿಕಾರಿಗಳು ಜನರಿಗೆ ಸಲಹೆಯಿತ್ತರು. ಮರುವರ್ಷವೇ ಅಲ್ಲಿ ವಿಕಿರಣ ನಿಯಂತ್ರಣದ ಕಾಯಿದೆಯಾಯಿತು. ಯಂತ್ರದ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಕಿರಣದ ಪ್ರಮಾಣ ಗಂಟೆಗೆ ಅರ್ಧ ಮಿಲಿರಾಂಟ್ಜೆನ್ ಮೀರಬಾರದೆಂಬ ನಿಯಮ 1970ರಲ್ಲಿ ಜಾರಿಗೆ ಬಂದಿತು. ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಮೊದಲಾದದ್ದು 1982ರಲ್ಲಿ. ಅಷ್ಟರಲ್ಲಿ ಆ ನಳಿಗೆಯ ಕಾಲ ಮುಗಿದಿತ್ತು. ಎಚ್ಚರಿಕೆಯ ಮಾತು ಮಾತ್ರ ಉಳಿಯಿತು.

ಇಂದಿನ ಚಪ್ಪಟೆ ತೆರೆಗಳಲ್ಲಿ ಚಿತ್ರನಳಿಗೆಯೂ ಇಲ್ಲ, 25,000 ವೋಲ್ಟೂ ಇಲ್ಲ. ಆದುದರಿಂದ ಕ್ಷ-ಕಿರಣ ಹುಟ್ಟಲು ಅವಕಾಶವೇ ಇಲ್ಲ. ಹಾಗಾದರೆ ಮೊಬೈಲು, ವೈ-ಫೈ, ಮೈಕ್ರೋವೇವ್ ಒಲೆಗಳ ಗತಿಯೇನು? ಇಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು, ಕಿರಣ ಯಾವ ಬಗೆಯದು? ವಿಕಿರಣದ ಶಕ್ತಿ ಫೋಟಾನುಗಳೆಂಬ ಸಣ್ಣ ಸಣ್ಣ ಗಂಟುಗಳಾಗಿ ಬರುತ್ತದೆ. ಅಣುವಿನಿಂದ ಎಲೆಕ್ಟ್ರಾನೊಂದನ್ನು ಕಿತ್ತೊಗೆಯಲು ಒಂದೇ ಗಂಟಿನಲ್ಲಿ ಸುಮಾರು 10 ಎಲೆಕ್ಟ್ರಾನ್-ವೋಲ್ಟ್ ಶಕ್ತಿ ಇರಬೇಕು. ಆ ಹಳೆಯ ಯಂತ್ರದ ಕ್ಷ-ಕಿರಣದಲ್ಲಿ ಅದು 25,000ದವರೆಗೂ ಇರುತ್ತಿದ್ದಿತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎರಡು ಮೂರು. ಒಲೆ ಮತ್ತು ವೈ-ಫೈಗಳ ಸೂಕ್ಷ್ಮತರಂಗದಲ್ಲಾದರೋ ಒಂದು ಎಲೆಕ್ಟ್ರಾನ್-ವೋಲ್ಟಿನ ಲಕ್ಷದಲ್ಲೊಂದು ಪಾಲು ಮಾತ್ರ! ಎತ್ತರದ ಕೊಂಬೆಯ ಮಾವಿನಕಾಯಿ ಉದುರಬೇಕಾದರೆ ಒಂದು ಕಲ್ಲಾದರೂ ಅಲ್ಲಿಯವರೆಗೆ ಹೋಗಿ ತಾಗಬೇಕು. ಕೊಂಬೆಯನ್ನು ಮುಟ್ಟಲಾರದ ಕಲ್ಲುಗಳನ್ನು ಸಂಜೆಯವರೆಗೆ ಎಸೆದರೂ ಕಾಯಿ ಬೀಳದು. ನಿತ್ಯಜೀವನದಲ್ಲಿ ಜೀವಕೋಶದ ಅಣುಗಳನ್ನು ನೇರವಾಗಿ ಕೆಡಿಸಬಲ್ಲ ಕಿರಣ ಬೇಕೆಂದರೆ ಅಂಗಳಕ್ಕೆ ಹೋಗಬೇಕು. ಅದು ಬಿಸಿಲಿನಲ್ಲಿರುವ ಅತಿನೇರಿಳೆ ಕಿರಣ.

ಎರಡನೆಯ ಪ್ರಶ್ನೆ, ಕಿರಣ ಎಷ್ಟಿದೆ? ಸೂಕ್ಷ್ಮತರಂಗ ಅಣುವನ್ನು ಒಡೆಯದಿದ್ದರೂ ಬಿಸಿ ಮಾಡಬಲ್ಲದು. ಅದು ಅನ್ನವನ್ನು ಕಾಯಿಸುವುದೂ ಹೀಗೆಯೇ. ಒಲೆಯ ಬಾಗಿಲಿನ ಲೋಹದ ಜಾಲರಿಯ ರಂಧ್ರಗಳು 12 ಸೆಂಟಿಮೀಟರ್ ಉದ್ದದ ಅಲೆಯ ಮುಂದೆ ತೀರ ಚಿಕ್ಕವು. ಆದುದರಿಂದ ಅಲೆ ಹೊರಬರಲಾರದು. ಬಾಗಿಲು ತೆರೆದೊಡನೆ ಯಂತ್ರವೂ ನಿಲ್ಲುತ್ತದೆ. ಬಾಗಿಲು ಸೊಟ್ಟಗಾದ ಒಲೆಯನ್ನು ಮಾತ್ರ ಉಪಯೋಗಿಸಬಾರದು. ಮೊಬೈಲಿನ ವಿಷಯದಲ್ಲಿ, ದೇಹದ ಊತಕ ಹೀರುವ ಶಕ್ತಿ ಕಿಲೋಗ್ರಾಮಿಗೆ 1.6 ವಾಟ್ ಮೀರಬಾರದೆಂಬ ಮಿತಿ ನಮ್ಮ ದೇಶದಲ್ಲಿ 2012ರಿಂದ ಇದೆ.

ಮೊಬೈಲ್ ಅಲೆಗಳು ‘ಸಂಭಾವ್ಯ ಕ್ಯಾನ್ಸರ್‌ಕಾರಕ’ವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ವರ್ಗೀಕರಿಸಿದ್ದು ನಿಜ. ಪುರಾವೆ ಸೀಮಿತವಾದುದು, ಆದರೆ ತಳ್ಳಿಹಾಕುವಂತಿಲ್ಲ ಎಂಬುದಷ್ಟೇ ಅದರ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ವಿಸ್ತೃತ ಸಮೀಕ್ಷೆ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧವನ್ನು ಕಾಣಲಿಲ್ಲ. ಇಷ್ಟಾದರೂ ಶಂಕೆಯುಳ್ಳವರು ಕಿವಿಗೆ ತಂತಿಯ ಸಾಧನ ಹಾಕಿಕೊಂಡು ಮಾತನಾಡಬಹುದು. ದೂರ ಹೆಚ್ಚಿದಂತೆ ಅಲೆಯ ಬಲ ಬೇಗ ಕುಗ್ಗುತ್ತದೆ. ಮೊಬೈಲಿಗೆ ಅಂಟಿಸುವ ‘ವಿಕಿರಣ ತಡೆಯುವ’ ಚೀಟಿಗಳನ್ನು ಮಾತ್ರ ಕೊಳ್ಳಬೇಕಾಗಿಲ್ಲ. ಚೀಟಿ ಅಲೆಯನ್ನು ನಿಜವಾಗಿ ತಡೆದರೆ ಮಾತೇ ಸಾಗದು. ಮಾತು ಎಂದಿನಂತೆ ಸಾಗಿದರೆ ಚೀಟಿ ಏನನ್ನೂ ತಡೆಯುತ್ತಿಲ್ಲ.

ತಾಯಿಯ ಮಾತನ್ನು ತೆಗೆದುಹಾಕಬೇಕೆಂದಲ್ಲ. ಬಹುಹೊತ್ತು ಹತ್ತಿರದಿಂದ ನೋಡಿದರೆ ಕಣ್ಣು ದಣಿಯುತ್ತದೆ. ಅದಕ್ಕಾಗಿಯಾದರೂ ದೂರ ಕೂಡುವುದು ಒಳ್ಳೆಯದೇ. ಆದರೆ ‘ವಿಕಿರಣ’ವೆಂಬ ಮಾತು ಮುಂದೆ ಕಿವಿಗೆ ಬಿದ್ದಾಗ, ಯಾವ ಬಗೆಯದು, ಎಷ್ಟಿದೆ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳು ಬೆಳೆಸಿಕೊಳ್ಳಬೇಕು. 1967ರಲ್ಲಿ ಆ ಯಂತ್ರಗಳ ದೋಷ ಹೊರಬಿದ್ದುದು ಭಯದಿಂದಲ್ಲ, ಅಳತೆಯಿಂದ.