ತೆರಿಗೆ: ಇಂದು ನಗದೋ, ಉದ್ರಿಯೋ?

ಎಂ.ಎಸ್. ಮುಗಿಸಿ ಅಮೆರಿಕದಲ್ಲಿ ಮೊದಲ ಕೆಲಸಕ್ಕೆ ಸೇರಿದ ಮಗಳು ಊರಿಗೆ ಫೋನ್ ಮಾಡುತ್ತಾಳೆ. ‘ಅಪ್ಪಾ, ನಿವೃತ್ತಿ ಖಾತೆ ಟ್ರೆಡಿಷನಲ್ ಬೇಕೋ, ರಾತ್ ಬೇಕೋ ಅಂತ ಕೇಳ್ತಿದ್ದಾರೆ. ಏನು ಹೇಳಲಿ?’ ಇಪ್ಪತ್ತೈದಕ್ಕೇ ನಿವೃತ್ತಿಯ ಚಿಂತೆಯೇ ಎಂದು ತಂದೆಗೆ ನಗು ಬರಬಹುದು. ಆದರೆ ಪ್ರಶ್ನೆ ನಗುವಂಥದ್ದಲ್ಲ.

ನಮ್ಮೂರಿನ ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಫಲಕ ನೆನಪಿಸಿಕೊಂಡರೆ ವಿಷಯ ಸುಲಭ. ಟ್ರೆಡಿಷನಲ್ ಖಾತೆಯಲ್ಲಿ ತೆರಿಗೆ ಉದ್ರಿ. ಸಂಬಳದ ಹಣ ತೆರಿಗೆಯಿಲ್ಲದೆ ಒಳಗೆ ಹೋಗುತ್ತದೆ. ಹಿಂಪಡೆಯುವಾಗ ಅಸಲು, ಬೆಳವಣಿಗೆ ಎರಡಕ್ಕೂ ತೆರಿಗೆ. ರಾತ್‌ನಲ್ಲಿ ತೆರಿಗೆ ನಗದು. ಇಂದೇ ಕಟ್ಟಿಬಿಟ್ಟರೆ, ನಿಯಮದಂತೆ ಹಿಂಪಡೆದಾಗ ಬೆಳೆದ ಹಣಕ್ಕೂ ತೆರಿಗೆಯಿಲ್ಲ. ವೈಯಕ್ತಿಕ ನಿವೃತ್ತಿ ಖಾತೆಗೆ (ಐ.ಆರ್.ಎ.) ಅವಕಾಶವಾದದ್ದು 1974ರ ಕಾಯ್ದೆಯಿಂದ. ರಾತ್ ಖಾತೆ 1997ರ ಕಾಯ್ದೆಯ ಕೂಸು. ಅದಕ್ಕೆ ಸೆನೆಟರ್ ವಿಲಿಯಂ ರಾತ್ ಅವರ ಹೆಸರು.

ಯಾವುದು ಲಾಭ? ಸಾವಿರ ಡಾಲರ್ ಸಂಪಾದನೆ, ಶೇ. 22 ತೆರಿಗೆ, ಹಣ ಎಂಟು ಪಟ್ಟು ಬೆಳೆಯಿತು ಎಂದುಕೊಳ್ಳಿ. ಟ್ರೆಡಿಷನಲ್‌ನಲ್ಲಿ ಸಾವಿರ 8,000 ಆಗಿ, ತೆರಿಗೆ ಕಳೆದು 6,240 ಉಳಿಯುತ್ತದೆ. ರಾತ್‌ನಲ್ಲಿ ತೆರಿಗೆ ಕಟ್ಟಿ ಉಳಿದ 780 ಎಂಟು ಪಟ್ಟಾದರೂ ಅದೇ 6,240! ಅಂದರೆ ದರ ಒಂದೇ ಆಗಿದ್ದರೆ ಎರಡೂ ಸಮ. ವ್ಯತ್ಯಾಸವೆಲ್ಲ ಇಂದಿನ ದರಕ್ಕೂ ನಿವೃತ್ತಿಯ ಕಾಲದ ದರಕ್ಕೂ ಇರುವ ಅಂತರದಲ್ಲಿದೆ. ಇಂದು ಶೇ. 12, ಮುಂದೆ ಶೇ. 22 ಆದರೆ ರಾತ್‌ನಲ್ಲಿ 7,040, ಟ್ರೆಡಿಷನಲ್‌ನಲ್ಲಿ 6,240. ದರಗಳು ತಿರುಗುಮುರುಗಾದರೆ ಫಲವೂ ತಿರುಗುಮುರುಗು.

ಆದ್ದರಿಂದಲೇ ಸಂಬಳ ಕಡಿಮೆಯಿರುವ ಆರಂಭದ ವರ್ಷಗಳಲ್ಲಿ, ಅದರಲ್ಲೂ ವರ್ಷದ ನಡುವೆ ಕೆಲಸಕ್ಕೆ ಸೇರಿದಾಗ, ರಾತ್ ಸಾಮಾನ್ಯವಾಗಿ ಒಳ್ಳೆಯ ಆಯ್ಕೆ. ಸಂಬಳ ಏರಿ ತೆರಿಗೆಯ ಮೇಲಿನ ಮೆಟ್ಟಿಲು ತಲುಪಿದವರಿಗೆ ಟ್ರೆಡಿಷನಲ್ ಹಿತ. ಯಾವುದನ್ನೇ ಆರಿಸಿದರೂ, ಉದ್ಯೋಗದಾತರು ತಮ್ಮ ಪಾಲು ಸೇರಿಸುವ 401(ಕೆ) ಯೋಜನೆಯಿದ್ದರೆ ಮೊದಲು ಆ ಪಾಲು ಪೂರ್ತಿ ಸಿಗುವಷ್ಟು ಹಣ ಅಲ್ಲಿ ತೊಡಗಿಸಬೇಕು.

ಕೆಲವು ಕಟ್ಟಳೆಗಳನ್ನು ಮರೆಯಬಾರದು. ಐ.ಆರ್.ಎ.ಗೆ ಸ್ವಂತ ಸಂಪಾದನೆ ಬೇಕು. ತಂದೆ ಕಳುಹಿಸಿದ ಹಣ ಸಂಪಾದನೆಯಲ್ಲ. 50 ವರ್ಷದೊಳಗಿನವರಿಗೆ 2026ರ ಮಿತಿ 7,500 ಡಾಲರ್. ಆದಾಯ ತೀರ ಹೆಚ್ಚಿದ್ದರೆ ರಾತ್ ಐ.ಆರ್.ಎ.ಗೆ ನೇರವಾಗಿ ಹಣ ಹಾಕುವಂತಿಲ್ಲ. ರಾತ್ ಐ.ಆರ್.ಎ.ಗೆ ಹಾಕಿದ ಅಸಲನ್ನು ಯಾವಾಗ ಬೇಕಾದರೂ ತೆಗೆಯಬಹುದು. ಬೆಳವಣಿಗೆ ತೆರಿಗೆಮುಕ್ತವಾಗಲು ಸಾಮಾನ್ಯವಾಗಿ ಐದು ವರ್ಷ ಕಳೆದು, ವಯಸ್ಸು ಐವತ್ತೊಂಬತ್ತೂವರೆ ತುಂಬಿರಬೇಕು. ಟ್ರೆಡಿಷನಲ್‌ನಿಂದ ಆ ವಯಸ್ಸಿಗೆ ಮುಂಚೆ ತೆಗೆದರೆ, ವಿನಾಯಿತಿಗಳನ್ನು ಬಿಟ್ಟರೆ, ತೆರಿಗೆಯ ಮೇಲೆ ಶೇ. 10 ದಂಡ.

ತಾಯ್ನಾಡಿಗೆ ಮರಳುವ ಯೋಚನೆಯಿದ್ದವರು ಇನ್ನೊಂದು ಹೆಜ್ಜೆ ಮುಂದೆ ನೋಡಬೇಕು. ಅಮೆರಿಕದಲ್ಲಿ ತೆರಿಗೆಮುಕ್ತವಾದದ್ದು ಭಾರತದಲ್ಲೂ ತಾನಾಗಿಯೇ ತೆರಿಗೆಮುಕ್ತ ಎಂದು ಭಾವಿಸಬಾರದು. ಮರಳುವ ಮುನ್ನವೇ ಎರಡೂ ದೇಶಗಳ ಕಾನೂನು ಬಲ್ಲ ಲೆಕ್ಕಪರಿಶೋಧಕರನ್ನು ಕಾಣುವುದು ಜಾಣತನ.

ಹಾಗಾದರೆ ಅಪ್ಪ ಮಗಳಿಗೆ ಏನು ಹೇಳಬೇಕು? ‘ಇಂದು ನಿನ್ನ ತೆರಿಗೆ ದರ ಎಷ್ಟು, ಮುಂದೆ ಎಲ್ಲಿ ನೆಲೆಸುತ್ತೀಯ, ಎರಡನ್ನೂ ಯೋಚಿಸಿ ಆರಿಸು. ಆದರೆ ಯೋಚಿಸುತ್ತ ಉಳಿತಾಯವನ್ನೇ ಮುಂದೂಡಬೇಡ.’ ಹನಿಗೂಡಿದರೆ ತಾನೇ ಹಳ್ಳ?